ಮನೆಗೆ ಬರುವ ವಾಹನ: ಪುಣ್ಯವೋ, ಮರೆಯೋ, ಹೊರೆಯೋ?

ಮನುಷ್ಯನ ಕಾಲುಗಳಿಗೆ ಎಷ್ಟು ಶಕ್ತಿಯಿದೆ? ಕುದುರೆಯ ಓಟದ ಮುಂದೆ ಅವನ ಓಟವೆಷ್ಟು? ಒಂಟೆಯ ಬಲದ ಮುಂದೆ ಅವನ ಬಲವೆಷ್ಟು? ಆದರೂ ಅವು ಅವನಿಗೆ ಮಣಿದು ನಡೆಯುತ್ತವೆ. ಇದು ಅವನ ಸಾಮರ್ಥ್ಯವಲ್ಲ, ಅಲ್ಲಾಹನ ಅನುಗ್ರಹ. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ ಎಂಟನೆಯ ಸೂಕ್ತವು ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳು ಮನುಷ್ಯನ ಸವಾರಿಗಾಗಿಯೂ ಶೋಭೆಗಾಗಿಯೂ ಸೃಷ್ಟಿಯಾದುದನ್ನು ನೆನಪಿಸುತ್ತದೆ. ಅಲ್ಲಿಗೇ ನಿಲ್ಲದೆ, ಜನರು ಇನ್ನೂ ಅರಿಯದ ಸೃಷ್ಟಿಗಳ ಕಡೆಗೂ ಬೆರಳು ತೋರಿಸುತ್ತದೆ. ಉಗಿಬಂಡಿ, ಮೋಟಾರು, ವಿಮಾನಗಳು ಬಂದಾಗ ವಿದ್ವಾಂಸರು ಈ ಸೂಕ್ತವನ್ನು ನೆನೆದರು. ಇಂದು ಪೆಟ್ರೋಲಿಲ್ಲದೆ, ಹೊಗೆಯಿಲ್ಲದೆ, ಸದ್ದಿಲ್ಲದೆ ಓಡುವ ಕಾರನ್ನು ಕಂಡಾಗಲೂ ಅದೇ ಸೂಕ್ತ ನೆನಪಾಗುತ್ತದೆ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸಂಜೆಯ ಹೊತ್ತು ಓಡಾಡುವವರು ಈ ಬದಲಾವಣೆಯನ್ನು ಕಣ್ಣಾರೆ ಕಾಣುತ್ತಿದ್ದಾರೆ. ನಗರದಿಂದ ನವುಲೆಯ ಕಡೆಗೆ, ಕೃಷಿ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳನ್ನು ದಾಟಿ ಶಿಕಾರಿಪುರದ ದಿಕ್ಕಿಗೆ ಹೋಗುವ ಈ ರಸ್ತೆಯಲ್ಲಿ ಬಸ್ಸು, ಆಟೋ, ಬೈಕುಗಳ ನಡುವೆ ಹಸಿರು ನಂಬರ್ ಪ್ಲೇಟಿನ ಸಣ್ಣ ಕಾರುಗಳು ಸದ್ದಿಲ್ಲದೆ ಸರಿದು ಹೋಗುತ್ತವೆ. ನಮ್ಮ ಅನೇಕ ಮನೆಗಳಲ್ಲಿಯೂ ಈಗ ಇದೇ ಮಾತು. ನಾವೂ ಒಂದು ಚಿಕ್ಕ ಕರೆಂಟಿನ ಕಾರನ್ನು ಕೊಳ್ಳೋಣವೇ? ಬೆಲೆ ಎಷ್ಟು? ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಓಡುತ್ತದೆ? ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ?

ಓದುಗ ಸಹೋದರ ಸಹೋದರಿಯರೇ, ಈ ಪ್ರಶ್ನೆಗಳು ಬೇಕಾದವೇ. ಆದರೆ ಒಬ್ಬ ವಿಶ್ವಾಸಿಯ ಪ್ರಶ್ನೆಗಳು ಇಲ್ಲಿಗೆ ಮುಗಿಯುವುದಿಲ್ಲ. ಯಾವ ಹಣದಿಂದ ಕೊಳ್ಳುತ್ತೇನೆ? ಯಾತಕ್ಕಾಗಿ ಕೊಳ್ಳುತ್ತೇನೆ? ಅದರಲ್ಲಿ ಯಾರನ್ನು ಕೂರಿಸುತ್ತೇನೆ? ಷೋರೂಮಿನ ಗುಮಾಸ್ತನು ಈ ಮೂರನ್ನು ನಮ್ಮಲ್ಲಿ ಕೇಳುವುದಿಲ್ಲ. ಆದರೆ ಪರಲೋಕದಲ್ಲಿ ಕೇಳಲಾಗುವ ಪ್ರಶ್ನೆಗಳು ಇವೇ.

ಕುದುರೆ ಒಂದೇ, ಲೆಕ್ಕ ಮೂರು

ಹ. ಅಬೂ ಹುರೈರಾ(ರ) ವರದಿ ಮಾಡಿರುವ ಒಂದು ದೀರ್ಘ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಕುದುರೆ ಸಾಕುವವರು ಮೂರು ಬಗೆಯವರೆಂದು ಪ್ರವಾದಿವರ್ಯರು(ಸ) ಅದರಲ್ಲಿ ವಿವರಿಸಿದ್ದಾರೆ. ಒಬ್ಬನು ಅಲ್ಲಾಹನ ಮಾರ್ಗಕ್ಕಾಗಿ ಕುದುರೆಯನ್ನು ಸಾಕುತ್ತಾನೆ. ಅವನ ಪಾಲಿಗೆ ಅದು ಮೇಯುವ ಹುಲ್ಲು, ಕುಡಿಯುವ ನೀರು, ಹಗ್ಗ ಹರಿದು ಓಡಿದಾಗ ಮೂಡುವ ಗೊರಸಿನ ಗುರುತು ಸಹ ಪುಣ್ಯವಾಗಿ ದಾಖಲಾಗುತ್ತದೆ. ಎರಡನೆಯವನು ಇತರರ ಮುಂದೆ ಕೈಚಾಚದೆ ಮಾನದಿಂದ ಬಾಳಲು ಸಾಕುತ್ತಾನೆ ಮತ್ತು ಅದರಲ್ಲಿರುವ ಅಲ್ಲಾಹನ ಹಕ್ಕನ್ನು ಮರೆಯುವುದಿಲ್ಲ. ಅವನಿಗೆ ಅದು ಬಡತನವನ್ನೂ ಅಗತ್ಯವನ್ನೂ ಮುಚ್ಚುವ ಮರೆ. ಮೂರನೆಯವನು ಜಂಬಕ್ಕಾಗಿ, ತೋರಿಕೆಗಾಗಿ, ಹಗೆತನಕ್ಕಾಗಿ ಸಾಕುತ್ತಾನೆ. ಅವನಿಗೆ ಅದು ಪಾಪದ ಹೊರೆ.

ಗಮನಿಸಿ: ಮೂವರ ಲಾಯದಲ್ಲಿಯೂ ಇರುವುದು ಕುದುರೆಯೇ. ತಳಿ ಒಂದೇ ಇರಬಹುದು, ಬೆಲೆಯೂ ಒಂದೇ ಇರಬಹುದು. ವ್ಯತ್ಯಾಸವಿರುವುದು ಒಡೆಯನಲ್ಲಿ.

ಈ ಹದೀಸಿನ ಕೊನೆಯ ಭಾಗವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಕುದುರೆಯ ವಿಷಯ ಕೇಳಿದ ಜನರು, ಹಾಗಾದರೆ ಕತ್ತೆಗಳ ವಿಷಯವೇನೆಂದು ವಿಚಾರಿಸಿದರು. ಕತ್ತೆ ಆ ಕಾಲದ ಅಗ್ಗದ ವಾಹನ, ಸಾಮಾನ್ಯರ ವಾಹನ. ಸ್ವತಃ ಪ್ರವಾದಿವರ್ಯರೂ(ಸ) ಅದನ್ನೇರಿದ್ದಾರೆ, ಹ. ಮುಆದ್(ರ)ರನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದಾರೆ. ಕತ್ತೆಗಳ ಬಗ್ಗೆ ತನಗೆ ಪ್ರತ್ಯೇಕವಾಗಿ ಏನೂ ಅವತೀರ್ಣವಾಗಿಲ್ಲವೆಂದು ತಿಳಿಸಿದ ಪ್ರವಾದಿವರ್ಯರು(ಸ) ಎಲ್ಲವನ್ನೂ ಒಳಗೊಳ್ಳುವ ಅಝ್ಝಿಲ್‌ಝಾಲ್ ಅಧ್ಯಾಯದ ಕೊನೆಯ ಸೂಕ್ತಗಳನ್ನು ಮುಂದಿಟ್ಟರು. ಅಣುವಿನಷ್ಟು ಒಳಿತಿಗೂ ಅಣುವಿನಷ್ಟು ಕೆಡುಕಿಗೂ ಲೆಕ್ಕವಿದೆ ಎಂಬುದೇ ಆ ಸೂಕ್ತಗಳ ಅರ್ಥ.

ಕರೆಂಟಿನ ಕಾರಿನ ಬಗ್ಗೆಯೂ ಪ್ರತ್ಯೇಕ ವಚನ ಇಲ್ಲ. ಅಗ್ಗದ ವಾಹನ ಎಂಬ ಕಾರಣಕ್ಕೆ ಅದು ತಾನಾಗಿ ಸರಳ ಜೀವನದ ಗುರುತಾಗುವುದಿಲ್ಲ. ಹೊಗೆಯಿಲ್ಲ ಎಂಬ ಕಾರಣಕ್ಕೆ ತಾನಾಗಿ ನಿರ್ಮಲವೂ ಆಗುವುದಿಲ್ಲ. ಅಣುವಿನ ಲೆಕ್ಕವನ್ನು ಇಲ್ಲಿಯೂ ಹಾಕಬೇಕು. ಬನ್ನಿ, ಅದನ್ನು ಒಂದೊಂದಾಗಿ ಹಾಕೋಣ.

ನಮಗೆ ಬೇಕಾಗಿರುವುದೆಷ್ಟು?

ಈ ಬಗೆಯ ಕಾರು ನಮ್ಮ ನಾಡಿಗೆ ಹೊಸದಲ್ಲ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಒಂದು ಕಂಪೆನಿಯೊಂದಿಗೆ ಸೇರಿ ಆರಂಭಿಸಿದ ಸಂಸ್ಥೆಯಿಂದ 2001ರಲ್ಲಿ 'ರೇವಾ' ಎಂಬ ಪುಟ್ಟ ಕಾರು ಬೀದಿಗೆ ಬಂತು. ಎರಡು ಬಾಗಿಲು, ಮುಂದೆ ಇಬ್ಬರು, ಹಿಂದೆ ಇಬ್ಬರು ಮಕ್ಕಳು. ಸೀಸ ಮತ್ತು ಆಮ್ಲದ ಹಳೆಯ ಬಗೆಯ ಬ್ಯಾಟರಿ. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿ.ಮೀ. ಓಟ. ಅದು ಲಂಡನ್ನಿನ ಬೀದಿಗಳಲ್ಲಿಯೂ ಬೇರೆ ಹೆಸರಿನಿಂದ ಓಡಿತು. 2010ರಲ್ಲಿ ಮಹೀಂದ್ರಾ ಕಂಪೆನಿಯು ಆ ಸಂಸ್ಥೆಯನ್ನು ವಹಿಸಿಕೊಂಡಿತು. ನಮ್ಮಲ್ಲಿ ಆ ಕಾರನ್ನು ಕೊಂಡವರು ಕಡಿಮೆ, ನಕ್ಕವರು ಹೆಚ್ಚು. ಈಗ ಕಾಲ ತಿರುಗಿದೆ. 2022ರಲ್ಲಿ ಟಾಟಾ ಕಂಪೆನಿಯ ಟಿಯಾಗೋ ಕಾರಿನ ವಿದ್ಯುತ್ ರೂಪವು 8.49 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ, 2023ರಲ್ಲಿ ಎಂ.ಜಿ. ಕಂಪೆನಿಯ ಕಾಮೆಟ್ 7.98 ಲಕ್ಷಕ್ಕೆ ಮಾರುಕಟ್ಟೆಗೆ ಬಂದವು. 2019ರ ಆಗಸ್ಟಿನಲ್ಲಿ ಇಂಥ ವಾಹನಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಹೀಗೆ ಮಧ್ಯಮ ವರ್ಗದ ಮನೆಯ ಹೊಸ್ತಿಲಿನವರೆಗೂ ಈ ಕಾರು ಬಂದಿದೆ.

ಈಗ ನಮ್ಮ ಅಗತ್ಯವನ್ನು ಅಳೆಯೋಣ. ಟಿಪ್ಪು ನಗರದಲ್ಲಿರುವವರು ನವುಲೆಯ ಕಾಲೇಜಿಗೆ ಮಗಳನ್ನು ಬಿಟ್ಟು, ಪೇಟೆಯ ಅಂಗಡಿಗೆ ಹೋಗಿ, ಸಂಜೆ ಮರಳಿದರೆ ಎಷ್ಟು ದೂರವಾಗುತ್ತದೆ? ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಬಂದರೂ ಸುಮಾರು 40 ಕಿ.ಮೀ. ಅಂದು ನಾವು ನಕ್ಕ ರೇವಾ ಕಾರಿನ ಓಟವೇ ಇದಕ್ಕೆ ಸಾಕಾಗಿತ್ತು! ಆದರೆ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ತಿಂಗಳಿಗೆ ಎರಡು ಸಲ ಹೋಗಬೇಕಾದವರ ಮಾತು ಬೇರೆ. ಕಂಪೆನಿ ಹೇಳುವ ಓಟ ರಸ್ತೆಯಲ್ಲಿ ಪೂರ್ತಿ ಸಿಗುವುದಿಲ್ಲ ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಗತ್ಯವೇ ಇಲ್ಲದ ಮನೆಗಳೂ ಇವೆ. ಮನೆಯ ಮುಂದೆಯೇ ಬಸ್ಸು ನಿಲ್ಲುತ್ತದೆ, ಸ್ಕೂಟರ್ ಇದೆ, ಮಕ್ಕಳ ಶಾಲೆ ಕಾಲ್ನಡಿಗೆಯ ದೂರದಲ್ಲಿದೆ. ಅಂಥವರಿಗೆ ಕಾರು ಎಷ್ಟೇ ಅಗ್ಗವಾಗಿರಲಿ, ದುಬಾರಿಯೇ. ಅಲ್‌ಫುರ್ಕಾನ್ ಅಧ್ಯಾಯದ 67ನೆಯ ಸೂಕ್ತವು ಪರಮ ದಯಾಮಯನ ದಾಸರ ಗುಣವನ್ನು ವರ್ಣಿಸುತ್ತಾ, ಅವರ ವೆಚ್ಚದಲ್ಲಿ ದುಂದೂ ಇರುವುದಿಲ್ಲ, ಜಿಪುಣತನವೂ ಇರುವುದಿಲ್ಲ ಎಂದು ತಿಳಿಸುತ್ತದೆ. ಈ ಮಾತಿಗೆ ಎರಡು ಬದಿಗಳಿವೆ. ಮಂಡಿನೋವಿನ ತಾಯಿಯನ್ನು ಮಳೆಯಲ್ಲಿ ಆಟೋಗಾಗಿ ಕಾಯಿಸುತ್ತಾ ಹಣವನ್ನು ಕೂಡಿಡುವವನೂ ಮಧ್ಯಮ ಮಾರ್ಗದಲ್ಲಿಲ್ಲ. ಆರಾಮದಾಯಕ ವಾಹನವನ್ನು ಪ್ರವಾದಿವರ್ಯರು(ಸ) ಮನುಷ್ಯನ ಸೌಭಾಗ್ಯಗಳಲ್ಲಿ ಒಂದೆಂದು ಎಣಿಸಿದ್ದಾರೆ. ಆದ್ದರಿಂದ ಕಾರು ಕೊಳ್ಳುವುದೇ ಲೌಕಿಕ ವ್ಯಾಮೋಹ ಎಂದು ಯಾರೂ ಮುಖ ಗಂಟಿಕ್ಕುವ ಕಾರಣವಿಲ್ಲ.

ಪೆಟ್ರೋಲಿನ ಉಳಿತಾಯ ಯಾರ ಜೇಬಿಗೆ?

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರೋಣ. ಹಣ ಎಲ್ಲಿಂದ?

ಹೆಚ್ಚಿನ ಮನೆಗಳಲ್ಲಿ ನಡೆಯುವ ವಾದ ಹೀಗಿರುತ್ತದೆ: ಪೆಟ್ರೋಲಿನಲ್ಲಿ ಉಳಿಯುವ ಹಣದಿಂದಲೇ ಸಾಲದ ಕಂತು ಕಟ್ಟಬಹುದು, ಕಾರು ತನ್ನ ಬೆಲೆಯನ್ನು ತಾನೇ ದುಡಿದು ಕೊಡುತ್ತದೆ. ಈ ಮಾತನ್ನು ಕಾಗದದ ಮೇಲೆ ಇಟ್ಟು ನೋಡೋಣ. ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 25 ದಿನ ಓಡಿಸಿದರೆ 750 ಕಿ.ಮೀ. ಊರೊಳಗೆ ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿಗೆ 50 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ 5,000 ರೂಪಾಯಿ. ಕರೆಂಟಿನ ಕಾರು ಒಂದು ಯೂನಿಟ್ಟಿಗೆ 8 ಕಿ.ಮೀ. ಓಡುತ್ತದೆಂದರೆ ಸುಮಾರು 94 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ಹಿಡಿದರೂ 750 ರೂಪಾಯಿ. ಉಳಿತಾಯ ತಿಂಗಳಿಗೆ 4,250 ರೂಪಾಯಿ. ಒಳ್ಳೆಯದೇ.

ಈಗ ಸಾಲದ ಕಡೆ ನೋಡಿ. 7 ಲಕ್ಷ ರೂಪಾಯಿಯನ್ನು ಶೇಕಡಾ 9ರ ಬಡ್ಡಿಗೆ 7 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 11,260 ರೂಪಾಯಿ. 84 ಕಂತುಗಳಲ್ಲಿ ಕಟ್ಟುವುದು ಸುಮಾರು 9 ಲಕ್ಷ 46 ಸಾವಿರ. ಅದರಲ್ಲಿ ಬಡ್ಡಿಯೇ 2 ಲಕ್ಷ 46 ಸಾವಿರ. ತಿಂಗಳಿಗೆ ಸರಾಸರಿ 2,900 ರೂಪಾಯಿಗಿಂತ ಹೆಚ್ಚು. ಅಂದರೆ ಪೆಟ್ರೋಲ್ ಬಂಕಿಗೆ ಹೋಗದೆ ಉಳಿದ 4,250 ರೂಪಾಯಿಯಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಬಡ್ಡಿಯ ಬಾಯಿಗೆ ಹೋಯಿತು. ಒಂದು ಹೊಗೆಯನ್ನು ನಿಲ್ಲಿಸಿದೆವು, ಇನ್ನೊಂದು ಬೆಂಕಿಯನ್ನು ಮನೆಯೊಳಗೆ ಹೊತ್ತಿಸಿಕೊಂಡೆವು.

ಲೆಕ್ಕದಲ್ಲಿ ಲಾಭವೇ ಬಂದಿದ್ದರೂ ವಿಶ್ವಾಸಿಗೆ ಮಾತು ಅಲ್ಲಿಗೆ ಮುಗಿಯುತ್ತಿರಲಿಲ್ಲ. ವ್ಯಾಪಾರ ಬೇರೆ, ಬಡ್ಡಿ ಬೇರೆ ಎಂಬುದನ್ನು ಅಲ್‌ಬಕರಃ ಅಧ್ಯಾಯದ 275ನೆಯ ಸೂಕ್ತವು ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ತೀರ್ಮಾನಿಸಿದೆ. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ತಿನ್ನಿಸುವವನನ್ನೂ, ಅದನ್ನು ಬರೆಯುವವನನ್ನೂ, ಸಾಕ್ಷಿ ನಿಲ್ಲುವವರನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ.

ಇಲ್ಲಿ ಒಬ್ಬ ಪ್ರಾಮಾಣಿಕ ಯುವಕನು ಕೇಳಬಹುದು: ಗಾಳಿಯನ್ನು ಕೆಡಿಸುವುದೂ ಜನರಿಗೆ ಮಾಡುವ ಹಾನಿಯಲ್ಲವೇ? ಹಾನಿ ಮಾಡಬಾರದು ಎಂಬುದೂ ಶರೀಅತ್ತಿನ ನಿಯಮವಲ್ಲವೇ? ಒಂದು ಒಳಿತಿಗಾಗಿ ಬಡ್ಡಿಯ ಸಾಲವನ್ನು ಸಹಿಸಬಾರದೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು. ಒಂದು ಕಡೆ ಇರುವುದು ಸ್ಪಷ್ಟ ವಚನದಿಂದ ನಿಷಿದ್ಧವಾದ ಕೃತ್ಯ. ಇನ್ನೊಂದು ಕಡೆ ಇರುವುದು ಒಂದು ಕಾರಿನ ಹೊಗೆ. ಆ ಹೊಗೆಯನ್ನು ತಪ್ಪಿಸಲು ಬೇರೆ ಹಲವು ದಾರಿಗಳಿವೆ. ಬಸ್ಸು ಹತ್ತಬಹುದು, ಕೈಯಲ್ಲಿರುವ ಹಣಕ್ಕೆ ಕರೆಂಟಿನ ಸ್ಕೂಟರ್ ಕೊಳ್ಳಬಹುದು, ಎರಡು ವರ್ಷ ಕಾಯಬಹುದು. ಹಲಾಲ್ ದಾರಿ ತೆರೆದಿರುವಾಗ ಅನಿವಾರ್ಯತೆಯ ಮಾತು ನಿಲ್ಲುವುದಿಲ್ಲ. ಅನಿವಾರ್ಯತೆ ಎಂಬುದು ಹಸಿವು, ಪ್ರಾಣ, ಚಿಕಿತ್ಸೆ, ಜೀವನೋಪಾಯಗಳಿಗೆ ಸಂಬಂಧಿಸಿದ್ದು. ಕಾಲಿಲ್ಲದವನಿಗೆ, ಗಾಡಿಯಿಲ್ಲದೆ ದುಡಿಮೆಯೇ ನಿಲ್ಲುವವನಿಗೆ ನಿಜವಾದ ಕಷ್ಟವಿರಬಹುದು. ಅಂಥವರು ತಮ್ಮ ಸ್ಥಿತಿಯನ್ನು ಮುಚ್ಚಿಡದೆ ಬಲ್ಲ ಆಲಿಮರ ಮುಂದಿಟ್ಟು ಕೇಳಲಿ. ನೆರೆಯವನು ಸಾಲ ಮಾಡಿ ಕೊಂಡಿದ್ದರೆ ಅವನ ಕಾರನ್ನು ಕಂಡು ಬಾಯಿ ಆಡಿಸುವುದು ನಮ್ಮ ಕೆಲಸವಲ್ಲ. ನಮ್ಮ ಲೆಕ್ಕ ನಮಗೆ.

ಹಾಗಾದರೆ ದಾರಿ ಯಾವುದು?

ಬಡ್ಡಿಯಿಲ್ಲದ ಬ್ಯಾಂಕುಗಳಿಗಾಗಿ ನಾವು ಬಹಳ ಕಾಲ ಕಾದಿದ್ದೇವೆ. 2008ರಲ್ಲಿ ರಘುರಾಂ ರಾಜನ್ ಸಮಿತಿಯು ಬಡ್ಡಿರಹಿತ ಬ್ಯಾಂಕಿಂಗಿನ ಬಗ್ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪವನ್ನು ಮುಂದುವರಿಸದಿರಲು ತೀರ್ಮಾನಿಸಿತು. ಇನ್ನೊಂದು ಕಡೆ, ಹಲಾಲ್ ಲಾಭದ ಹೆಸರಿನಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯವನ್ನು ಸಂಗ್ರಹಿಸಿದ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯು 2019ರಲ್ಲಿ ಕುಸಿದುದನ್ನೂ ಕಂಡೆವು. ಹಲಾಲ್ ಎಂಬ ಫಲಕ ನೋಡಿ ಹಣ ಸುರಿಯಬಾರದು ಎಂಬ ಪಾಠವನ್ನು ಆ ಕಣ್ಣೀರು ನಮಗೆ ಕಲಿಸಿದೆ.

ಆದರೂ ದಾರಿಗಳು ಮುಚ್ಚಿಲ್ಲ. ಮೊದಲನೆಯದು ತಾಳ್ಮೆ. ತಿಂಗಳಿಗೆ 11,260 ರೂಪಾಯಿ ಕಂತು ಕಟ್ಟಬಲ್ಲವನು ಅಷ್ಟೇ ಹಣವನ್ನು ಕೂಡಿಡಬಲ್ಲನಷ್ಟೆ? 63ನೆಯ ತಿಂಗಳಿಗೆ ಅವನ ಕೈಯಲ್ಲಿ 7 ಲಕ್ಷ ಇರುತ್ತದೆ. ಸಾಲ ಮಾಡಿದವನಾದರೋ ಅಲ್ಲಿಂದ ಮುಂದೆ ಇನ್ನೂ 21 ಕಂತು ಕಟ್ಟುತ್ತಿರುತ್ತಾನೆ. ಐದು ವರ್ಷ ದೀರ್ಘವೇ, ಒಪ್ಪೋಣ. ಅದನ್ನು ಕಡಿಮೆ ಮಾಡುವುದೇ ಬಂಧುಗಳ ಕೆಲಸ. ಅಣ್ಣ ತಮ್ಮಂದಿರು, ಮಾಮಂದಿರು ಕೂಡಿ ಬಡ್ಡಿಯಿಲ್ಲದ ಕರ್ಝೆ ಹಸನ್ ಕೊಡಬಹುದು. ಆದರೆ ಅದನ್ನು ಬಾಯಿಮಾತಿನಲ್ಲಿ ಬಿಡಬಾರದು. ಸಾಲವನ್ನು ಬರೆದಿಡಬೇಕೆಂಬ ಆದೇಶ ಕುರ್‌ಆನಿನ ಅತಿ ದೀರ್ಘ ಸೂಕ್ತದಲ್ಲಿಯೇ ಇದೆ. ಮಯ್ಯಿತ್ತನ್ನು ತಂದಾಗ ಪ್ರವಾದಿವರ್ಯರು(ಸ) ಇವನ ಮೇಲೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ಒಬ್ಬನ ಸಾಲವನ್ನು ಹ. ಅಬೂ ಕತಾದಾ(ರ) ವಹಿಸಿಕೊಂಡ ನಂತರವೇ ಅವನ ಜನಾಝಾ ನಮಾಝ್ ನಿರ್ವಹಿಸಿದರು. ಬಡ್ಡಿಯಿಲ್ಲದ ಸಾಲವೂ ಹಗುರಾದುದಲ್ಲ.

ಎರಡನೆಯದು ಚೀಟಿ. ಹರಾಜಿನ ಚೀಟಿಯಲ್ಲಿ ಮೊದಲು ಎತ್ತುವವನು ಕಡಿಮೆ ಪಡೆದು ಪೂರ್ತಿ ಕಟ್ಟುತ್ತಾನೆ, ಆ ವ್ಯತ್ಯಾಸವನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಅದರಿಂದ ದೂರವಿರಬೇಕು. ಆದರೆ ಹರಾಜಿಲ್ಲದೆ, ಸರದಿಯಂತೆ ಪ್ರತಿಯೊಬ್ಬನಿಗೂ ಪೂರ್ತಿ ಮೊತ್ತ ಸಿಗುವ ಚೀಟಿಯು ಪರಸ್ಪರ ಸಹಾಯವೇ ಸರಿ.

ಮೂರನೆಯದು ಕಂತಿನ ವ್ಯಾಪಾರ. ಮಾರುವವನು ಕಾರನ್ನು ಮೊದಲು ತನ್ನ ಒಡೆತನಕ್ಕೆ ತೆಗೆದುಕೊಂಡು, ಕಂತಿನ ಬೆಲೆ ಇಷ್ಟು ಎಂದು ಒಂದೇ ಬೆಲೆಯನ್ನು ನಿಶ್ಚಯಿಸಿ ಮಾರಿದರೆ, ಆ ಬೆಲೆ ನಗದು ಬೆಲೆಗಿಂತ ಹೆಚ್ಚಿದ್ದರೂ ಹೆಚ್ಚಿನ ಫಿಕ್ಹ್ ವಿದ್ವಾಂಸರು ಒಪ್ಪಿದ್ದಾರೆ. ಆದರೆ ಕಂತು ತಡವಾದಾಗ ಬೆಲೆ ಏರಿದರೆ ಅದು ಮತ್ತೆ ಬಡ್ಡಿಯೇ.

ಹಣ ಕೂಡಿಡುವವರು ಇನ್ನೊಂದನ್ನು ಮರೆಯಬಾರದು. ಸ್ವಂತ ಬಳಕೆಯ ಕಾರಿನ ಮೇಲೆ ಝಕಾತ್ ಇಲ್ಲ. ಆದರೆ ಕಾರಿಗೆಂದು ಕೂಡಿಟ್ಟ ಹಣವು ನಿಸಾಬ್ ತಲುಪಿ ಒಂದು ವರ್ಷ ಕಳೆದರೆ ಅದಕ್ಕೆ ಝಕಾತ್ ಇದೆ. ಕಾರಿನ ಹೆಸರು ಹೇಳಿ ಬಡವನ ಹಕ್ಕನ್ನು ತಡೆಹಿಡಿಯಲಾಗದು.

ಬಾಡಿಗೆಯ ಬ್ಯಾಟರಿ

ಈಚೆಗೆ ಹೊಸ ವಿಧಾನವೊಂದು ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಕಾಮೆಟ್ ಕಾರನ್ನು ಬ್ಯಾಟರಿಯ ಬೆಲೆ ಬಿಟ್ಟು 4.99 ಲಕ್ಷಕ್ಕೆ ಕೊಟ್ಟು, ಬ್ಯಾಟರಿಗೆ ಕಿ.ಮೀ.ಗೆ 2.5 ರೂಪಾಯಿ ಬಾಡಿಗೆ ಪಡೆಯುವ ಯೋಜನೆ ಪ್ರಕಟವಾಯಿತು. ಬಾಡಿಗೆ ಹಲಾಲ್ ತಾನೇ ಎಂದು ಹಲವರು ಸಮಾಧಾನಪಟ್ಟುಕೊಂಡರು. ಹೌದು, ಬಾಡಿಗೆ ಹಲಾಲ್. ಆದರೆ ಅದು ನಿಜವಾದ ಬಾಡಿಗೆಯಾಗಿರಬೇಕು. ಬಾಡಿಗೆಯಲ್ಲಿ ವಸ್ತುವಿನ ಒಡೆತನ ಕೊಟ್ಟವನದ್ದೇ. ಬಾಡಿಗೆದಾರನ ತಪ್ಪಿಲ್ಲದೆ ವಸ್ತು ಕೆಟ್ಟರೆ ನಷ್ಟವೂ ಕೊಟ್ಟವನದ್ದೇ. ಮೊತ್ತ ಮತ್ತು ಅವಧಿ ಇಬ್ಬರಿಗೂ ಸ್ಪಷ್ಟವಾಗಿ ತಿಳಿದಿರಬೇಕು. ಆದ್ದರಿಂದ ಸಹಿ ಹಾಕುವ ಮೊದಲು ಕರಾರು ಪತ್ರವನ್ನು ಓದಿ. ಬ್ಯಾಟರಿ ಯಾರ ಹೆಸರಿನಲ್ಲಿದೆ? ಓಡಿಸದಿದ್ದರೂ ತಿಂಗಳಿಗೆ ಇಷ್ಟು ಕಿ.ಮೀ.ಯ ಹಣ ಕಟ್ಟಬೇಕೇ? ತಡವಾದರೆ ಬಡ್ಡಿ ಬೀಳುತ್ತದೆಯೇ? ನಡುವೆ ಬಿಡಬೇಕೆಂದರೆ ಏನಾಗುತ್ತದೆ? ಹಣಕಾಸು ಕಂಪೆನಿಯ ಸಾಲಕ್ಕೆ ಬಾಡಿಗೆ ಎಂಬ ಅಂಗಿ ತೊಡಿಸಿದ್ದರೆ, ಅಂಗಿ ಬದಲಾದುದರಿಂದ ಆಳು ಬದಲಾಗುವುದಿಲ್ಲ. ನಮ್ಮ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿಯಿರಿ: 750 ಕಿ.ಮೀ.ಗೆ ಬಾಡಿಗೆಯೇ 1,875 ರೂಪಾಯಿ, ಕರೆಂಟಿನ ಹಣ ಅದರ ಮೇಲೆ.

ಹೊಗೆ ಕಾಣದಿದ್ದರೆ ಸಾಕೇ?

ಕಾರಿನ ಹಿಂದೆ ಹೊಗೆಯಿಲ್ಲ. ಆದರೆ ಕರೆಂಟು ಆಕಾಶದಿಂದ ಇಳಿಯುವುದಿಲ್ಲ. ನಮ್ಮ ರಾಜ್ಯದ ಕರೆಂಟಿನ ಒಂದು ಪಾಲು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲ ಸ್ಥಾವರಗಳಿಂದ ಬರುತ್ತದೆ. ನಮ್ಮ ಊರಿನ ಹೊಗೆ ಕಡಿಮೆಯಾದಾಗ ಶಕ್ತಿನಗರದವರ ಆಕಾಶವನ್ನೂ ನೆನೆಯಬೇಕು. ಇನ್ನೊಂದು ಪಾಲು ನಮ್ಮದೇ ಜಿಲ್ಲೆಯ ಶರಾವತಿಯ ನೀರಿನಿಂದ ಹುಟ್ಟುತ್ತದೆ. ಅದು ಶುದ್ಧವಾದ ಕರೆಂಟು. ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಸಾವಿರಾರು ಕುಟುಂಬಗಳು ಮನೆ, ತೋಟ, ಗದ್ದೆಗಳನ್ನು ನೀರಿಗೆ ಬಿಟ್ಟು ಎದ್ದು ಬಂದವು. ಅವರಲ್ಲಿ ಎಷ್ಟೋ ಮಂದಿ ತಾವು ನೆಲೆಸಿದ ಜಾಗದ ಹಕ್ಕಿಗಾಗಿ ದಶಕಗಳ ಕಾಲ ಕಚೇರಿಗಳನ್ನು ಸುತ್ತಿದರು. ಅವರು ನಮ್ಮ ಜಿಲ್ಲೆಯವರೇ. ನಾವು ಪ್ಲಗ್ಗು ಚುಚ್ಚುವ ಬೆಳಕಿನ ಬೆಲೆಯನ್ನು ನಮಗಿಂತ ಮೊದಲು ಅವರು ಕಟ್ಟಿದ್ದಾರೆ. ಇದನ್ನು ಅರಿತವನು ತನ್ನ ಕಾರನ್ನು ತೋರಿಸಿ ಇತರರ ಮುಂದೆ ಪುಣ್ಯವಂತನಂತೆ ಬೀಗುವುದಿಲ್ಲ.

ಕರೆಂಟಿನ ಕಾರುಗಳಿಂದ ಒಳಿತಿಲ್ಲ ಎಂದು ಇದರ ಅರ್ಥವಲ್ಲ. ಜನಸಂದಣಿಯ ಬೀದಿಯಲ್ಲಿ, ಶಾಲೆಯ ಬಾಗಿಲಿನಲ್ಲಿ, ಆಸ್ಪತ್ರೆಯ ಮುಂದೆ ಹೊಗೆ ತಪ್ಪುವುದು ನಿಜವಾದ ಉಪಕಾರ. ಕಾಂಗೋ ದೇಶದ ಗಣಿಗಳಲ್ಲಿ ಮಕ್ಕಳೂ ಅಗೆಯುವ ಕೋಬಾಲ್ಟ್ ಎಂಬ ಖನಿಜದ ಬಗ್ಗೆ ಕೇಳಿರಬಹುದು. ಮೇಲೆ ಹೇಳಿದ ಎರಡು ಅಗ್ಗದ ಕಾರುಗಳಲ್ಲಿ ಬಳಸುವ ಕಬ್ಬಿಣ ಮತ್ತು ಫಾಸ್ಫೇಟಿನ ಲಿಥಿಯಂ ಬ್ಯಾಟರಿಗೆ ಆ ಖನಿಜ ಬೇಕಿಲ್ಲ. ಇದೂ ಒಂದು ಒಳಿತು. ಒಳಿತನ್ನು ಒಳಿತೆಂದೇ ಎಣಿಸೋಣ, ಅದಕ್ಕಿಂತ ಹೆಚ್ಚಾಗಿ ಎಣಿಸುವುದು ಬೇಡ.

ಈಗ ಪ್ಲಗ್ಗಿನ ವಿಷಯ. ಹುಲ್ಲು ಯಾರ ಹೊಲದ್ದು ಎಂದು ಕುದುರೆಗೆ ತಿಳಿಯದು, ಒಡೆಯನಿಗೆ ತಿಳಿದಿರಬೇಕು. ರಾತ್ರಿ ಚಾರ್ಜಿಗೆ ಹಾಕಿದರೆ ಫಜ್ರ್ ಹೊತ್ತಿಗೆ ಬ್ಯಾಟರಿ ತುಂಬುತ್ತದೆ, ಆದರೆ ಯಾರ ಮೀಟರಿನಿಂದ ತುಂಬಿತು? ಬಾಡಿಗೆ ಮನೆಯವರು ಮಾಲಿಕರನ್ನು ಕೇಳಬೇಕು. ಹಲವು ಮನೆಗಳಿಗೆ ಸೇರಿದ ಮೆಟ್ಟಿಲ ದೀಪದ ಮೀಟರಿನಿಂದ ತಂತಿ ಎಳೆಯುವುದು ನೆರೆಯವರ ಹಣ ಕದಿಯುವುದಾಗಿದೆ. ಮಸೀದಿಯ ಹೊರಗೋಡೆಯ ಪ್ಲಗ್ಗು ನಮಾಝಿಗಳ ಅಗತ್ಯಕ್ಕಾಗಿ ಇರುವ ವಕ್ಫ್ ಸೊತ್ತು. ತರಾವೀಹ್ ಮುಗಿಯುವವರೆಗೆ ಅದರಲ್ಲಿ ಕಾರನ್ನು ತುಂಬಿಸಿಕೊಳ್ಳುವುದು ಅಮಾನತ್ತಿನಲ್ಲಿ ಮಾಡುವ ವಂಚನೆ. ಸರಕಾರದ ಗೃಹಜ್ಯೋತಿ ಯೋಜನೆಯು 2023ರ ಜುಲೈನಲ್ಲಿ ಜಾರಿಗೆ ಬಂದಾಗ, ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ ಕರೆಂಟು ಕೊಟ್ಟಿತು. ಕಾರಿನ 94 ಯೂನಿಟ್ಟುಗಳನ್ನು ಅದರೊಳಗೆ ಅಡಗಿಸಲು ಮೀಟರನ್ನು ತಮ್ಮನ ಹೆಸರಿಗೆ, ಅತ್ತೆಯ ಹೆಸರಿಗೆ ಒಡೆಯುವ ಜಾಣ್ಮೆ ನಮಗೆ ಬೇಡ. ಅಣುವಿನ ಲೆಕ್ಕ ಎಂದರೆ ಇದೇ.

ಈ ಕಾರು ಸದ್ದು ಮಾಡುವುದಿಲ್ಲ. ಲುಕ್ಮಾನರು ತನ್ನ ಮಗನಿಗೆ ನಡಿಗೆಯಲ್ಲಿ ಮಧ್ಯಮ ಗತಿಯನ್ನೂ ಮಾತಿನಲ್ಲಿ ತಗ್ಗಿದ ದನಿಯನ್ನೂ ಉಪದೇಶಿಸಿದರು. ದನಿ ತಗ್ಗಿದ ವಾಹನವೇನೋ ಬಂತು, ಗತಿ ಮಧ್ಯಮವಾಗಿರುವುದು ನಮ್ಮ ಪಾದದ ಕೈಯಲ್ಲಿದೆ! ಮುದುಕರಿಗೂ ಮದ್ರಸದಿಂದ ಓಡಿ ಬರುವ ಮಕ್ಕಳಿಗೂ ಇದು ಬರುವುದು ಕೇಳಿಸದು. ಎಚ್ಚರ ನಮ್ಮ ಮೇಲಿದೆ.

ಹೊರೆಯಾಗುವ ಕಾರು

ಹದೀಸಿನ ಮೂರನೆಯ ಮನುಷ್ಯನನ್ನು ನಮ್ಮ ಬೀದಿಯಲ್ಲಿ ಹುಡುಕುವುದು ಕಷ್ಟವಲ್ಲ. ಭಾವ ಕೊಂಡನೆಂದು ಕೊಳ್ಳುವವನು ಅವನೇ. ಮದುವೆ ಮನೆಗೆ ಆಟೋದಲ್ಲಿ ಹೋಗಲು ನಾಚುವವನು ಅವನೇ. ಲೌಕಿಕ ವಿಷಯಗಳಲ್ಲಿ ನಮಗಿಂತ ಕೆಳಗಿರುವವರನ್ನು ನೋಡಬೇಕೆಂಬ ಪ್ರವಾದಿ ಬೋಧನೆಯನ್ನು ಅವನು ತಲೆಕೆಳಗು ಮಾಡಿದ್ದಾನೆ.

ಇವರೆಲ್ಲರಿಗಿಂತ ಭಾರವಾದ ಹೊರೆಯನ್ನು ಹೊತ್ತವನು ಇನ್ನೊಬ್ಬನಿದ್ದಾನೆ. ಅವನು ಕಾರನ್ನು ಕೊಳ್ಳುವುದೇ ಇಲ್ಲ, ಹೆಣ್ಣಿನ ತಂದೆಯಿಂದ ಕೊಡಿಸಿಕೊಳ್ಳುತ್ತಾನೆ. ಹಿಂದೆ ಸೈಕಲ್, ವಾಚು, ರೇಡಿಯೋ ಕೇಳುತ್ತಿದ್ದರು. ಆಮೇಲೆ ಬೈಕು ಬಂತು. ಈಗ ನಾವೇನೂ ದೊಡ್ಡದು ಕೇಳುತ್ತಿಲ್ಲ, ಚಿಕ್ಕ ಕಾರು ಸಾಕು, ಪೆಟ್ರೋಲಿನ ಖರ್ಚೂ ಇಲ್ಲ ಎಂಬ ಮಾತು ಕೇಳಿಬರುತ್ತದೆ. ಅಗ್ಗದ ಕಾರು! ಯಾರಿಗೆ ಅಗ್ಗ? ಭದ್ರಾವತಿಯ ಕಾರ್ಖಾನೆಯಲ್ಲಿ ಜೀವನವಿಡೀ ದುಡಿದು ನಿವೃತ್ತನಾದ ಒಬ್ಬ ತಂದೆಗೆ 8 ಲಕ್ಷ ಅಗ್ಗವೇ? ಅನ್ನಿಸಾ ಅಧ್ಯಾಯದ ನಾಲ್ಕನೆಯ ಸೂಕ್ತವು ಗಂಡಿನ ಕಡೆಯಿಂದ ಹೆಣ್ಣಿಗೆ ಮಹ್ರ್ ಸಲ್ಲಬೇಕೆಂದು ವಿಧಿಸಿದೆ. ನಾವು ಆ ನದಿಯನ್ನು ಹಿಮ್ಮುಖವಾಗಿ ಹರಿಸುತ್ತಿದ್ದೇವೆ. 1961ರಿಂದ ದೇಶದ ಕಾನೂನಿನಲ್ಲಿಯೂ ವರದಕ್ಷಿಣೆ ಅಪರಾಧ. ಹೊಗೆಯಿಲ್ಲದ ಆ ಕಾರಿನ ಹಿಂದೆ ಒಬ್ಬ ತಂದೆಯ ನಿಟ್ಟುಸಿರಿನ ಹೊಗೆ ಏಳುತ್ತಿರುತ್ತದೆ. ಅದನ್ನು ಅಳೆಯುವ ಯಂತ್ರ ಸಾರಿಗೆ ಕಚೇರಿಯಲ್ಲಿಲ್ಲ. ಆದರೆ ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ ಎಂಬುದನ್ನು ನೆನಪಿಡಿ.

ಖಾಲಿ ಸೀಟಿನ ಹಕ್ಕು

ಹಾಗಾದರೆ ಕಾರು ಪುಣ್ಯವಾಗುವುದು ಹೇಗೆ? ಒಂದು ಪ್ರಯಾಣದ ಸಂದರ್ಭದಲ್ಲಿ, ಹೆಚ್ಚಿನ ವಾಹನವುಳ್ಳವನು ಅದನ್ನು ಇಲ್ಲದವನಿಗೆ ಒದಗಿಸಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದನ್ನು ಹ. ಅಬೂ ಸಈದುಲ್ ಖುದ್ರೀ(ರ) ವರದಿ ಮಾಡಿದ್ದಾರೆ. ಬದ್ರ್‌ನ ದಾರಿಯಲ್ಲಿ ಒಂಟೆಗಳು ಕಡಿಮೆಯಿದ್ದಾಗ ಮೂವರಿಗೆ ಒಂದರಂತೆ ಹಂಚಿಕೊಂಡರು. ಪ್ರವಾದಿವರ್ಯರೂ(ಸ) ಇಬ್ಬರು ಸಂಗಾತಿಗಳೊಂದಿಗೆ ಸರದಿಯ ಮೇಲೆ ಏರಿದರು, ಸರದಿ ಬಂದಾಗ ಇಳಿದು ನಡೆದರು.

ನಾಲ್ಕು ಸೀಟಿನ ಕಾರಿನಲ್ಲಿ ಒಬ್ಬನೇ ಹೋಗುವಾಗ ಮೂರು ಸೀಟುಗಳು ಹೆಚ್ಚಿನ ವಾಹನವೇ. ಅವಕ್ಕೂ ಹಕ್ಕುದಾರರಿದ್ದಾರೆ. ಡಯಾಲಿಸಿಸ್ಸಿಗೆ ವಾರಕ್ಕೆ ಎರಡು ಸಲ ಹೋಗುವ ನೆರೆಮನೆಯವರು, ಅವರು ಯಾವ ಧರ್ಮದವರೇ ಆಗಿರಲಿ. ರಾತ್ರಿ ಹೊತ್ತಿನಲ್ಲಿ ಹೆರಿಗೆ ನೋವು ಬಂದ ಹೆಣ್ಣುಮಗಳು. ಪರೀಕ್ಷೆಯ ದಿನ ಬಸ್ಸು ತಪ್ಪಿ ಸವಳಂಗ ರಸ್ತೆಯ ಬದಿಯಲ್ಲಿ ನಿಂತ ವಿದ್ಯಾರ್ಥಿಗಳು. ಮಸೀದಿಗೆ ನಡೆದು ಬರಲಾಗದ ಮುದುಕರು. ಕಿ.ಮೀ.ಗೆ ಒಂದು ರೂಪಾಯಿ ವೆಚ್ಚದ ಕಾರಿನವನಿಗೆ, ಪೆಟ್ರೋಲು ದುಬಾರಿ ಎಂಬ ಹಳೆಯ ನೆಪ ಉಳಿದಿಲ್ಲ! ಅಗ್ಗದ ಓಟವು ಅವನ ಮೇಲಿನ ಹೊಣೆಯನ್ನು ಹೆಚ್ಚಿಸಿದೆ.

ಮನೆಯ ಹೆಣ್ಣುಮಕ್ಕಳ ಹಕ್ಕನ್ನೂ ಮರೆಯಬಾರದು. ಕ್ಲಚ್ಚಿಲ್ಲದ, ಗೇರಿಲ್ಲದ ಈ ಕಾರನ್ನು ಕಲಿಯುವುದು ಸುಲಭ. ಮಡದಿಯೋ ಮಗಳೋ ಕಲಿತರೆ, ಔಷಧಿಗಾಗಿ ಪರರ ಮನೆಯ ಬಾಗಿಲು ಬಡಿಯುವುದು ತಪ್ಪುತ್ತದೆ. ಹದೀಸಿನಲ್ಲಿ ಬರುವ ಮರೆ ಎಂದರೆ ಇದೇ: ಮಾನವನ್ನು ಕಾಯುವ, ಕೈಚಾಚದಂತೆ ಮಾಡುವ ಸಾಧನ.

ಓದುಗ ಬಂಧುಗಳೇ, ಕಾರು ಕೊಳ್ಳುವ ಮೊದಲು ಮನೆಯವರೆಲ್ಲ ಕೂತು ಮೂರು ಸಾಲು ಬರೆದು ನೋಡಿ. ಹಣ ಬಡ್ಡಿಯಿಂದ ಮುಕ್ತವೇ? ಅಗತ್ಯ ನಿಜವೇ, ಅಥವಾ ನೆರೆಯವನ ಅಂಗಳದಿಂದ ಹುಟ್ಟಿದ್ದೇ? ಖಾಲಿ ಸೀಟು ಯಾರದು? ಮೂರಕ್ಕೂ ನಿಸ್ಸಂಕೋಚವಾಗಿ ಉತ್ತರ ಬಂದರೆ ಅಲ್ಲಾಹನ ಮೇಲೆ ಭರವಸೆಯಿಟ್ಟು ಕೊಳ್ಳಿ, ಸಂತೋಷಪಡಿ, ಕೃತಜ್ಞರಾಗಿರಿ. ಉತ್ತರ ಬರದಿದ್ದರೆ ಇನ್ನಷ್ಟು ಕಾಲ ಬಸ್ಸಿನಲ್ಲಿ ಹೋಗಿ. ಬಸ್ಸಿನಲ್ಲಿ ಹೋದವನಿಗೆ ಪರಲೋಕದಲ್ಲಿ ನಷ್ಟವಾಗದು.

ವಾಹನವೇರುವಾಗ ಪಠಿಸಬೇಕೆಂದು ಅಝ್ಝುಖ್‌ರುಫ್ ಅಧ್ಯಾಯವು ಕಲಿಸಿದ ಪ್ರಾರ್ಥನೆಯು, ನಾವು ನಮ್ಮ ಪ್ರಭುವಿನ ಕಡೆಗೆ ಮರಳುವವರೆಂಬ ನೆನಪಿನೊಂದಿಗೆ ಕೊನೆಗೊಳ್ಳುತ್ತದೆ. ಭದ್ರಾವತಿಗೆ ಹೊರಟಿರಲಿ, ನವುಲೆಗೆ ಹೊರಟಿರಲಿ, ಪ್ರತಿಯೊಂದು ಪ್ರಯಾಣವೂ ಆ ದೊಡ್ಡ ಮರಳುವಿಕೆಯ ಒಂದು ಭಾಗ. ನಮ್ಮ ವಾಹನಗಳನ್ನು ಅಲ್ಲಾಹನು ನಮಗೆ ಪುಣ್ಯವಾಗಿ, ಮರೆಯಾಗಿ ಮಾಡಲಿ. ಹೊರೆಯಾಗದಂತೆ ಕಾಪಾಡಲಿ. ಆಮೀನ್.